ಮನೆಯಲ್ಲಿ ಕುಳಿತುದು ವ್ರತವಾಯಿತೆ?

ಶ್ರಾವಕನ ಹನ್ನೆರಡು ವ್ರತಗಳಲ್ಲಿ ದಿಗ್ವ್ರತ ಮತ್ತು ದೇಶವ್ರತಗಳೆಂಬ ಎರಡು ಸಂಚಾರಕ್ಕೆ ಸಂಬಂಧಪಟ್ಟವು. ಹತ್ತು ದಿಕ್ಕುಗಳಲ್ಲಿ ಇಂಥ ನದಿ, ಇಂಥ ಪರ್ವತ, ಇಂಥ ನಾಡಿನಿಂದ ಆಚೆಗೆ ಜೀವವಿರುವ ತನಕ ಹೋಗುವುದಿಲ್ಲವೆಂದು ಮೇರೆ ಹಾಕಿಕೊಳ್ಳುವುದು ದಿಗ್ವ್ರತ. ಆ ಮೇರೆಯೊಳಗೇ ದಿನ, ಪಕ್ಷ, ಮಾಸವೆಂದು ಕಾಲವನ್ನು ಗೊತ್ತುಪಡಿಸಿ, ಮನೆ, ಬೀದಿ, ಊರುಗಳಷ್ಟಕ್ಕೆ ಸಂಚಾರವನ್ನು ಕುಗ್ಗಿಸಿಕೊಳ್ಳುವುದು ದೇಶವ್ರತ. ಕಾದ ಕಬ್ಬಿಣದ ಗುಂಡು ಹೊರಳಿದ ಕಡೆಯೆಲ್ಲ ಸುಡುವಂತೆ, ಆರಂಭ-ಪರಿಗ್ರಹಗಳುಳ್ಳ ಗೃಹಸ್ಥನು ಹೋದ ಕಡೆಯೆಲ್ಲ ಜೀವಬಾಧೆ ತಪ್ಪದು. ಆದುದರಿಂದ ಅವನ ಓಡಾಟಕ್ಕೆ ಎಲ್ಲೆ ಬೇಕು ಎಂಬುದು ಇದರ ತಾತ್ಪರ್ಯ. ಆದರೆ ಅಷ್ಟಮಿ-ಚತುರ್ದಶಿಗಳ ಉಪವಾಸವನ್ನು ತಪ್ಪದೆ ನಡೆಸುವ ಮನೆಗಳಲ್ಲಿಯೂ ಈ ಎರಡು ವ್ರತಗಳು ಬಹುಮಟ್ಟಿಗೆ ಪಾಠದ ಹೆಸರುಗಳಾಗಿ ಉಳಿದಿವೆ. ರೈಲು, ಬಸ್ಸು, ವಿಮಾನಗಳ ಕಾಲದಲ್ಲಿ ಮೇರೆಯೆಲ್ಲಿಯದು ಎಂಬುದು ಹಲವರ ಭಾವನೆ.

೨೦೨೦ರಲ್ಲಿ ಆ ಮೇರೆ ಯಾರೂ ಕೇಳದೆಯೇ ಬಂದಿತು. ಕೊರೊನಾ ಮಹಾಮಾರಿಯ ಕಾರಣದಿಂದ ಆ ವರ್ಷದ ಮಾರ್ಚ್ ತಿಂಗಳಲ್ಲಿ ಪ್ರಯಾಣಿಕರ ರೈಲುಗಳು ನಿಂತುವು. ಒಳನಾಡಿನ ವಿಮಾನಗಳು ಎರಡು ತಿಂಗಳು ನೆಲಬಿಟ್ಟು ಏಳಲಿಲ್ಲ. ೨೦೧೯ರಲ್ಲಿ ಭಾರತದೊಳಗೆ ವಿಮಾನವೇರಿದವರು ಸುಮಾರು ೧೪ ಕೋಟಿ ೪೦ ಲಕ್ಷ. ೨೦೨೦ರಲ್ಲಿ ೬ ಕೋಟಿ ೩೦ ಲಕ್ಷ. ಭಾರತೀಯ ರೈಲ್ವೆಯ ಪ್ರಯಾಣಿಕರ ಸಂಖ್ಯೆ ೨೦೧೯-೨೦ರಲ್ಲಿ ೮೦೦ ಕೋಟಿಯನ್ನು ಮೀರಿದ್ದುದು ಮರುವರ್ಷ ೧೨೫ ಕೋಟಿಯ ಆಸುಪಾಸಿಗೆ ಇಳಿಯಿತು. ಜಗತ್ತೆಲ್ಲವೂ ಒಮ್ಮೆಗೇ ದೇಶವ್ರತವನ್ನು ಸ್ವೀಕರಿಸಿದಂತೆ ಹೊರನೋಟಕ್ಕೆ ತೋರಿತು.

ಅದು ವ್ರತವಾಯಿತೆ? ಆಗಲಿಲ್ಲವೆಂದೇ ಹೇಳಬೇಕು. ತತ್ತ್ವಾರ್ಥಸೂತ್ರದಲ್ಲಿ ಅಕಾಮನಿರ್ಜರೆಯೆಂಬ ಮಾತು ಬರುತ್ತದೆ. ಸೆರೆಯಲ್ಲಿ ಕಟ್ಟುಬಿದ್ದವನು ಹಸಿವು-ಬಾಯಾರಿಕೆಗಳನ್ನು ತಾಳುವುದನ್ನು ಪೂಜ್ಯಪಾದಾಚಾರ್ಯರು ಅದರ ವ್ಯಾಖ್ಯಾನದಲ್ಲಿ ಉದಾಹರಿಸಿದ್ದಾರೆ. ಬಯಸದೆ ಬಂದ ಕಷ್ಟವನ್ನು ಸಹಿಸಿದುದಕ್ಕೂ ಫಲವುಂಟು. ಆದರೆ ಅದು ವ್ರತದ ಫಲವಲ್ಲ. ಹೋಗುವ ಶಕ್ತಿಯೂ ಅನುಕೂಲವೂ ಇದ್ದು, ತಾನಾಗಿಯೇ ನಿಲ್ಲುವುದು ವ್ರತ. ದಾರಿ ಮುಚ್ಚಿದ್ದರಿಂದ ನಿಂತವನು ದಾರಿ ತೆರೆದಾಗ ಏನು ಮಾಡುತ್ತಾನೆ ಎಂಬುದರಲ್ಲಿ ಅವನ ಮನಸ್ಸಿನ ಪರೀಕ್ಷೆಯಿದೆ. ಆ ದಿನಗಳಲ್ಲಿ ಕೂಲಿ ತಪ್ಪಿ, ಮಕ್ಕಳನ್ನು ಹೆಗಲಿಗೇರಿಸಿಕೊಂಡು ನೂರಾರು ಮೈಲಿ ನಡೆದು ಊರು ಸೇರಿದ ಬಡವರ ಮಾತು ಬೇರೆ. ನಿಲ್ಲುವುದಾಗಲಿ ಹೊರಡುವುದಾಗಲಿ ಅವರ ಇಚ್ಛೆಗೆ ಒಳಪಟ್ಟಿರಲಿಲ್ಲ. ಈ ಪರೀಕ್ಷೆ ಅನುಕೂಲಸ್ಥರಿಗೆ ಸೇರಿದ್ದು.

ದಾರಿ ತೆರೆಯಿತು. ಒಳನಾಡಿನ ವಿಮಾನಪ್ರಯಾಣಿಕರು ೨೦೨೩ರಲ್ಲಿ ೧೫ ಕೋಟಿಯನ್ನೂ ೨೦೨೪ರಲ್ಲಿ ೧೬ ಕೋಟಿಯನ್ನೂ ದಾಟಿದರು. ಹೊರದೇಶಗಳಿಗೆ ಪ್ರವಾಸ ಹೋಗುವವರು ಜಗತ್ತಿನಲ್ಲಿ ೨೦೧೯ರಲ್ಲಿ ಸುಮಾರು ೧೪೬ ಕೋಟಿ ಇದ್ದವರು ೨೦೨೦ರಲ್ಲಿ ೪೦ ಕೋಟಿಗೆ ಕುಸಿದು, ೨೦೨೪ರಲ್ಲಿ ಮತ್ತೆ ೧೪೦ ಕೋಟಿಯಷ್ಟಾದರು. ಕಡಿಮೆಯಾದುದು ಬೇರೊಂದು ಬಗೆಯ ಸಂಚಾರ. ಮಹಾನಗರಗಳ ನಿತ್ಯಪ್ರಯಾಣಿಕರೇ ಅರ್ಧಕ್ಕಿಂತ ಹೆಚ್ಚಾಗಿರುವ ಭಾರತದ ರೈಲ್ವೆಯಲ್ಲಿ ೨೦೨೩-೨೪ರಲ್ಲಿಯೂ ಸಂಖ್ಯೆ ೬೭೦ ಕೋಟಿಯ ಸುತ್ತಮುತ್ತ ಇದ್ದಿತು. ಇದಕ್ಕೆ ಕಾರಣಗಳು ಹಲವು. ಮನೆಯಿಂದಲೇ ಉದ್ಯೋಗ ನಡೆಸುವ ರೂಢಿ ಅವುಗಳಲ್ಲಿ ಒಂದು. ಲಂಡನ್ನಿನಲ್ಲಿ ಸೋಮವಾರ, ಶುಕ್ರವಾರಗಳ ಕಚೇರಿಯ ಪ್ರಯಾಣ ನಡುವಾರಕ್ಕಿಂತ ತೆಳುವಾಯಿತು. ಒಟ್ಟಿನಲ್ಲಿ, ಹೊಟ್ಟೆಪಾಡಿನ ಓಡಾಟ ಸ್ವಲ್ಪ ತಗ್ಗಿತು. ಮನಸ್ಸಿನ ಚಾಪಲ್ಯದ ಓಡಾಟ ಹಿಂದಿನ ಮಟ್ಟಕ್ಕೆ ಮರಳಿತು. ಅಭ್ಯಾಸ ಬದಲಾಯಿತು, ಆಸೆ ಬದಲಾಗಲಿಲ್ಲ.

ಮನೆಯಲ್ಲಿ ಉಳಿದವರಾದರೂ ನಿಜವಾಗಿ ಉಳಿದರೆ? ದೇಶವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಮೇರೆಯಾಚೆಯಿಂದ ವಸ್ತುವನ್ನು ತರಿಸುವ ಆನಯನ, ಆಳನ್ನು ಕಳುಹಿಸಿ ಕೆಲಸ ಮಾಡಿಸುವ ಪ್ರೇಷ್ಯಪ್ರಯೋಗ, ಧ್ವನಿಯಿಂದ ಸನ್ನೆ ಮಾಡುವ ಶಬ್ದಾನುಪಾತ, ರೂಪವನ್ನು ತೋರಿಸಿ ಕೆಲಸ ಸಾಧಿಸುವ ರೂಪಾನುಪಾತ, ಕಲ್ಲು ಮುಂತಾದುದನ್ನು ಎಸೆದು ಕರೆಯುವ ಪುದ್ಗಲಕ್ಷೇಪ. ಫೋನಿನಲ್ಲಿ ಧ್ವನಿ, ಪರದೆಯ ಮೇಲೆ ರೂಪ, ಬಾಗಿಲಿಗೆ ಬರುವ ಸರಕು, ಅದನ್ನು ಹೊತ್ತು ಬಿಸಿಲಲ್ಲಿ ಓಡುವ ಹುಡುಗ, ಇವೆಲ್ಲ ಆ ಪಟ್ಟಿಯಲ್ಲಿ ಮೊದಲೇ ಇವೆ. ವ್ರತ ಸ್ವೀಕರಿಸದವನಿಗೆ ಇವು ಅತಿಚಾರಗಳಾಗವು. ಆದರೆ ಕಾಲು ನಿಂತ ಮಾತ್ರಕ್ಕೆ ಸಂಚಾರ ನಿಲ್ಲದೆಂಬ ತತ್ತ್ವ ಎಲ್ಲರಿಗೂ ಅನ್ವಯಿಸುತ್ತದೆ.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಪ್ರಯಾಣವನ್ನು ಇಷ್ಟು ಸಂದೇಹದಿಂದ ಕಂಡರೆ ಬಂಧುವಾತ್ಸಲ್ಯದ ಗತಿಯೇನು? ಮಹಾಮಾರಿಯ ದಿನಗಳಲ್ಲಿ ಎಷ್ಟೋ ತಾಯಂದಿರು ಮಕ್ಕಳ ಮುಖ ಕಾಣದೆ ಕಣ್ಣು ಮುಚ್ಚಿದರು; ಣಮೋಕಾರ ಮಂತ್ರವನ್ನು ಕಿವಿಯಲ್ಲಿ ಹೇಳಲು ಹತ್ತಿರದವರಿರಲಿಲ್ಲ. ದಾರಿ ತೆರೆದ ಕೂಡಲೇ ವೃದ್ಧರನ್ನು ನೋಡಲು ಓಡಿ ಬಂದವರನ್ನು ಚಪಲರೆನ್ನಲಾದೀತೆ? ಎನ್ನಲಾಗದು. ಶಾಸ್ತ್ರವು ಪ್ರಯಾಣವನ್ನೇ ದೂಷಿಸಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೊಳಗೆ ಸೇರಿಸಿರುವುದು ನಿಷ್ಪ್ರಯೋಜನವಾಗಿ ತಾನು ತಿರುಗುವುದನ್ನು, ಇತರರನ್ನು ತಿರುಗಿಸುವುದನ್ನು. ಪ್ರಯೋಜನವಿದೆಯೆ ಎಂಬುದೇ ಒರೆಗಲ್ಲು. ಈ ಒರೆಗಲ್ಲು ಎರಡೂ ಕಡೆಗೆ ತಿಕ್ಕುತ್ತದೆ. ರಜೆ ಬಂದೊಡನೆ ಎಲ್ಲಿಗಾದರೂ ಹೊರಟುಬಿಡುವವನು ಒಬ್ಬ ದೋಷಿ. ಹಾಸಿಗೆ ಹಿಡಿದ ತಂದೆಯನ್ನು ಪರದೆಯ ಮೇಲೆ ಕಂಡು, ‘ನೋಡಿದ್ದಾಯಿತಲ್ಲ’ ಎಂದು ಸಮಾಧಾನ ಪಡುವವನು ಇನ್ನೊಬ್ಬ. ಮೊದಲನೆಯವನು ಮಹಾಮಾರಿಯ ಪಾಠವನ್ನು ಮರೆತನು. ಎರಡನೆಯವನು ಅದರಿಂದ ತಪ್ಪು ಪಾಠವನ್ನು ಕಲಿತನು. ವೈಯಾವೃತ್ಯವನ್ನು ದೂರದಿಂದ ಮಾಡಲಾಗದು.

ದಿಗ್ವ್ರತದ ಅತಿಚಾರಗಳಲ್ಲಿ ಕೊನೆಯದು ಸ್ಮೃತ್ಯಂತರಾಧಾನ, ಎಂದರೆ ಹಾಕಿಕೊಂಡ ಮೇರೆಯನ್ನು ಮರೆಯುವುದು. ಕಟ್ಟು ಸಡಿಲಿದ ಕೂಡಲೇ ಎಲ್ಲವೂ ಮರೆತುಹೋಗುವುದು ಮನುಷ್ಯಸ್ವಭಾವ. ಅದಕ್ಕಾಗಿಯೇ ನಿಯಮವನ್ನು ಬಾಯಿಬಿಟ್ಟು ಹೇಳಿ ಸ್ವೀಕರಿಸುವ ಪದ್ಧತಿ ಇರುವುದು. ಆಷಾಢದಿಂದ ಕಾರ್ತಿಕದವರೆಗೆ ಮುನಿಗಳು ಒಂದೆಡೆ ನಿಲ್ಲುವುದು ಯಾರ ಆಜ್ಞೆಯಿಂದಲೂ ಅಲ್ಲ, ಮಳೆಗಾಲದಲ್ಲಿ ಹುಟ್ಟುವ ಅಸಂಖ್ಯ ಜೀವಿಗಳ ಮೇಲಿನ ಕರುಣೆಯಿಂದ. ಗೃಹಸ್ಥನು ಅಷ್ಟು ಮಾಡಲಾರ. ಆದರೆ ದಶಲಕ್ಷಣ ಪರ್ವದ ಒಂದು ದಿನ ಮನೆಯವರೆಲ್ಲ ಜಿನಬಿಂಬದ ಮುಂದೆ ಕುಳಿತು, ಜೀವನೋಪಾಯ, ತೀರ್ಥವಂದನೆ, ಮುನಿದರ್ಶನ, ರೋಗಿಗಳ ಶುಶ್ರೂಷೆ ಇವುಗಳಿಗೆ ಎಡೆಯಿಟ್ಟು, ಬರುವ ವರ್ಷಕ್ಕೆ ಒಂದು ಎಲ್ಲೆಯನ್ನು ಗೊತ್ತುಮಾಡಿ ಬರೆದಿಡಬಹುದು. ಮೇರೆಯ ಹೊರಗಿನ ಸಕಲ ಜೀವರಾಶಿಯ ವಿಷಯದಲ್ಲಿ ಅಂಥವನ ಅಣುವ್ರತಗಳು ಮಹಾವ್ರತಗಳ ಸಾಮ್ಯವನ್ನು ಪಡೆಯುತ್ತವೆಂದು ಸಮಂತಭದ್ರಾಚಾರ್ಯರು ಹೇಳಿದ್ದಾರೆ. ಮಹಾಮಾರಿ ಬಲವಂತದಿಂದ ಎಳೆದ ಗೆರೆ ಅಳಿಸಿಹೋಯಿತು. ಬಾಗಿಲು ತೆರೆದಿರುವ ಈ ಕಾಲದಲ್ಲಿ ತಾನಾಗಿ ಎಳೆದುಕೊಂಡ ಗೆರೆಯೊಂದೇ ಶ್ರಾವಕನಿಗೆ ಸ್ವಂತವಾದುದು.