ನಕ್ಷೆಯ ಮೇಲೆ ನೆರೆಮನೆ

ನೆರೆಯವನ ಕಷ್ಟ ನಮಗೆ ತಿಳಿದಿರಲಿಲ್ಲ ಎಂಬ ನೆಪಕ್ಕೆ ಹಿಂದೆ ಒಂದಷ್ಟು ಆಸ್ಪದವಿತ್ತು. ಇಂದು ಅಂಗೈಯಲ್ಲಿರುವ ಮೊಬೈಲ್ ಆ ನೆಪವನ್ನು ಕಿತ್ತುಕೊಂಡಿದೆ.

2007ರ ಡಿಸೆಂಬರ್ ಚುನಾವಣೆಯ ಬಳಿಕ ಕೀನ್ಯಾದಲ್ಲಿ ಹಿಂಸೆ ಭುಗಿಲೆದ್ದಾಗ ಕೆಲವರು ಅಂತರ್ಜಾಲದಲ್ಲಿ ಒಂದು ನಕ್ಷೆ ತೆರೆದರು. ಜನರು ಕಂಡದ್ದನ್ನು ತಿಳಿಸಿದರೆ ಆ ಸ್ಥಳ ನಕ್ಷೆಯಲ್ಲಿ ಮೂಡುತ್ತಿತ್ತು. ಅದರ ಹೆಸರು 'ಉಶಾಹಿದಿ'. ಸ್ವಾಹಿಲಿಯಲ್ಲಿ ಸಾಕ್ಷ್ಯ ಎಂದರ್ಥ. ನಾವು ಬಲ್ಲ 'ಶಹಾದತ್' ಪದದ ಅರಬೀ ಮೂಲವೇ ಅದಕ್ಕೂ ಇದೆ. 2018ರ ಆಗಸ್ಟ್‌ನಲ್ಲಿ ಕೇರಳ ನೆರೆಯಲ್ಲಿ ಮುಳುಗಿದಾಗ ಸಾವಿರಾರು ಮಂದಿ ತಾವಿರುವ ಜಾಗವನ್ನು ಮೊಬೈಲ್ ಮೂಲಕ ತಿಳಿಸಿದರು. ಕಡಲ ತೀರದ ಮೀನುಗಾರರು ದೋಣಿಗಳೊಂದಿಗೆ ಧಾವಿಸಿ ಬಂದು ಅನೇಕರ ಜೀವ ಉಳಿಸಿದರು.

ಹಾಗಾದರೆ ನಮ್ಮ ಮೊಹಲ್ಲಾದ ಬಡವರ ಮನೆಗಳನ್ನೂ ಹೀಗೆಯೇ ಗುರುತಿಸಿಬಿಡೋಣವೇ? ಇಲ್ಲಿ ತುಸು ನಿಂತು ಯೋಚಿಸಬೇಕು. ಮನೆಯ ಮಾಡಿನ ಮೇಲೆ ಸಿಲುಕಿದವನು ಎಲ್ಲರೂ ತನ್ನನ್ನು ನೋಡಲಿ ಎಂದು ಬಯಸುತ್ತಾನೆ. ಅಕ್ಕಿ ಮುಗಿದ ಮನೆಯ ವಿಧವೆ ಯಾರೂ ನೋಡದಿರಲಿ ಎಂದು ಬಯಸುತ್ತಾಳೆ. ನೆರೆ ಇಳಿಯುತ್ತದೆ, ಆದರೆ 'ಇದು ಬೇಡುವವರ ಮನೆ' ಎಂಬ ಗುರುತು ಅಷ್ಟು ಸುಲಭವಾಗಿ ಅಳಿಯದು. ನಾಳೆ ಆಕೆಯ ಮಗಳ ಮದುವೆಯ ಮಾತುಕತೆಗೂ ಅದು ಅಡ್ಡಬರಬಹುದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತಹ ದಾನವನ್ನು ಪ್ರವಾದಿವರ್ಯರು(ಸ) ಮೆಚ್ಚಿದ್ದು ಸುಮ್ಮನೆ ಅಲ್ಲ. ಅದರಲ್ಲಿ ಕೊಡುವವನ ಮನಶ್ಶುದ್ಧಿಯೂ ಇದೆ, ಪಡೆಯುವವನ ಮಾನವೂ ಇದೆ.

ಆದ್ದರಿಂದ ನಕ್ಷೆಯಲ್ಲಿ ಕಾಣಬೇಕಾದದ್ದು ಪಡೆಯುವವನ ಮನೆಯಲ್ಲ, ಕೊಡುವವನ ಬಾಗಿಲು. 2020ರ ಕೋವಿಡ್ ಕಾಲದಲ್ಲಿ ನ್ಯೂಯಾರ್ಕ್ ನಗರದ ಬೀದಿಬದಿಗಳಲ್ಲಿ ಜನರು ಫ್ರಿಜ್‌ಗಳನ್ನಿಟ್ಟು ಆಹಾರ ತುಂಬಿದರು. ಅವು ಎಲ್ಲಿವೆಯೆಂದು ನಕ್ಷೆ ಹೇಳುತ್ತಿತ್ತು. ತೆಗೆದುಕೊಳ್ಳುವವನ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ. ನಾವೂ ಗಾಲಿಕುರ್ಚಿ ಎರವಲು ಸಿಗುವ ಮನೆ, ಪಠ್ಯಪುಸ್ತಕ ದೊರೆಯುವ ಜಾಗ, ರಾತ್ರಿ ಆಸ್ಪತ್ರೆಗೆ ಕರೆದೊಯ್ಯಲು ಸಿದ್ಧವಿರುವ ಆಟೋ, ಇವುಗಳನ್ನು ಗುರುತಿಸಬಹುದು. ಧರ್ಮ, ಜಾತಿ ಕೇಳದೆ ಎಲ್ಲ ನೆರೆಯವರಿಗೂ ತೆರೆದಿಡಬಹುದು. ಕೇಳಿದವರ ವಿಳಾಸ ಒಬ್ಬಿಬ್ಬರು ನಂಬಿಕಸ್ಥರ ಬಳಿ ಅಮಾನತ್ತಾಗಿರಲಿ. ಕೆಲಸ ಮುಗಿದೊಡನೆ ಅಳಿಸಲ್ಪಡಲಿ.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಸ್ವಾಭಿಮಾನದಿಂದ ಯಾರಲ್ಲೂ ಕೇಳದೆ, ನೋಡುವವರಿಗೆ ಅನುಕೂಲಸ್ಥರಂತೆ ತೋರುವವರ ಬಗ್ಗೆ ಸೂರಃ ಅಲ್ ಬಕರದ 273ನೇ ವಚನ ನಮ್ಮನ್ನು ಎಚ್ಚರಿಸುತ್ತದೆ. ಅವರು ಯಾವ ನಕ್ಷೆಗೂ ಸಿಗುವವರಲ್ಲ. ಇಬ್ಬರು ನೆರೆಯವರಲ್ಲಿ ಯಾರಿಗೆ ಕೊಡಲಿ ಎಂದು ಹ. ಆಯಿಶಾ(ರ) ಕೇಳಿದಾಗ, ಯಾರ ಬಾಗಿಲು ಹೆಚ್ಚು ಹತ್ತಿರವೋ ಅವರಿಗೆ ಎಂದು ಪ್ರವಾದಿವರ್ಯರು(ಸ) ಸೂಚಿಸಿದರು. ಆ ಬಾಗಿಲು ನಿಮ್ಮ ಮನೆಯಿಂದ ಎಷ್ಟು ಹೆಜ್ಜೆ ದೂರವಿದೆ? ಅಷ್ಟು ದೂರ ನಡೆಯಲು ನಕ್ಷೆ ಬೇಕಿಲ್ಲ.