ಕ್ರಯವೂ ಋಣವೂ

ಹಣ ಕೊಟ್ಟು ಪದಾರ್ಥವನ್ನು ಕೊಂಡೊಡನೆ ಕೊಂಡವನ ಋಣ ತೀರಿತೆಂಬುದು ಲೋಕರೂಢಿ. ಮಾರಿದವನು ಒಪ್ಪಿದನು, ಕೊಂಡವನು ಒಪ್ಪಿದನು, ಇನ್ನಾರ ಬಾಕಿ? ಆದರೆ ಅಂಗಡಿಕಾರನು ಆ ಪದಾರ್ಥವನ್ನು ಬೆಳೆದವನಲ್ಲ. ಬೆವರು ಸುರಿಸಿ ಬೆಳೆದವನು ವ್ಯಾಪಾರ ಕುದುರುವಾಗ ಅಲ್ಲಿ ಇರುವುದೇ ಇಲ್ಲ. ಇಲ್ಲದವನ ಪಾಲಿನ ನ್ಯಾಯವನ್ನು ನೋಡತಕ್ಕವರಾರು?

ಈ ಪ್ರಶ್ನೆಯನ್ನು ಇಡೀ ಊರೇ ತನ್ನದಾಗಿಸಿಕೊಂಡ ನಿದರ್ಶನವೊಂದುಂಟು. ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತದಲ್ಲಿ, ವೈರ್ ನದಿಯ ದಡದ ಮೇಲೆ, ಗಾರ್‌ಸ್ಟಾಂಗ್ ಎಂಬುದೊಂದು ಪುರಾತನವಾದ ಸಂತೆಯ ಪಟ್ಟಣ. 2000ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಅಲ್ಲಿಯ ಜನರು ಸಭೆ ಸೇರಿ, ತಮ್ಮೂರು ಜಗತ್ತಿನ ಮೊತ್ತಮೊದಲ ‘ಫೇರ್‌ಟ್ರೇಡ್’ ಪಟ್ಟಣ, ಎಂದರೆ ನ್ಯಾಯವ್ಯಾಪಾರದ ಪಟ್ಟಣವೆಂದು ಸಾರಿದರು. ಬ್ರೂಸ್ ಕ್ರೌದರ್ ಎಂಬ ಪಶುವೈದ್ಯರೂ ಆಕ್ಸ್‌ಫಾಮ್ ಸಂಸ್ಥೆಯ ಸ್ಥಳೀಯ ಬಳಗದವರೂ ಇದಕ್ಕಾಗಿ ಅಂಗಡಿ, ಶಾಲೆ, ಚರ್ಚುಗಳ ಮನವೊಲಿಸಿದ್ದರು. ಆ ಊರಿಗೆ ಹತ್ತು ಮೈಲಿ ದೂರದ ಲ್ಯಾಂಕಾಸ್ಟರ್, ಹದಿನೆಂಟನೆಯ ಶತಮಾನದಲ್ಲಿ ಆಫ್ರಿಕದ ಗುಲಾಮರ ವ್ಯಾಪಾರದಲ್ಲಿ ತೊಡಗಿದ್ದ ಬಂದರು. ಅಂದು ಮನುಷ್ಯನನ್ನೇ ಕ್ರಯಕ್ಕೆ ಇಟ್ಟ ಸೀಮೆಯಲ್ಲಿ ಇಂದು ಅವನ ದುಡಿಮೆಯ ಕ್ರಯವನ್ನು ಕುರಿತು ಚಿಂತೆ ಹುಟ್ಟಿತು. ತಡವಾಗಿ ಹುಟ್ಟಿತೆನ್ನಬಹುದು, ಹುಟ್ಟಿತಲ್ಲ!

ಇದರ ಏರ್ಪಾಡು ಸರಳವಾದುದು. ಪೇಟೆಯ ಧಾರಣೆ ಎಷ್ಟೇ ಕುಸಿದರೂ ಕೊಳ್ಳುವವರು ಬೆಳೆಗಾರರ ಸಂಘಕ್ಕೆ ಗೊತ್ತಾದ ಕನಿಷ್ಠ ಬೆಲೆಯನ್ನು ಕೊಡಬೇಕು. ಧಾರಣೆ ಏರಿದರೆ ಏರಿದ ಬೆಲೆಯನ್ನೇ ಕೊಡಬೇಕು. 2019ರ ಅಕ್ಟೋಬರಿನಲ್ಲಿ ಕೋಕೋ ಬೀಜದ ಕನಿಷ್ಠ ಬೆಲೆ ಟನ್ನಿಗೆ 2,000 ಡಾಲರಿನಿಂದ 2,400ಕ್ಕೆ ಏರಿತು. ಇದರ ಮೇಲೆ ಟನ್ನಿಗೆ 240 ಡಾಲರು ಪ್ರತ್ಯೇಕ. ಈ ಹಣ ಬಾವಿಗೋ ಶಾಲೆಗೋ ಎಂಬುದನ್ನು ಸಂಘದ ಸದಸ್ಯರೇ ಕೂಡಿ ನಿಶ್ಚಯಿಸುತ್ತಾರೆ. ದಾನಿಯ ಮರ್ಜಿಗೆ ಇಲ್ಲಿ ಎಡೆಯಿಲ್ಲ, ಮರ್ಮವಿರುವುದು ಇಲ್ಲಿಯೇ. ಕಡಿಮೆ ಬೆಲೆಗೆ ಕೊಂಡು, ಉಳಿಸಿದ ಹಣದಲ್ಲಿ ನಾಲ್ಕು ಕಾಸನ್ನು ಅದೇ ಬಡವನಿಗೆ ದಾನಮಾಡಿ ಪುಣ್ಯವಂತನೆನಿಸುವುದು ಸುಲಭ. ಕಾಯಕಕ್ಕೆ ಸಲ್ಲಬೇಕಾದುದನ್ನು ಸಲ್ಲಿಸುವುದರಲ್ಲಿ ಕೀರ್ತಿಯೂ ಇಲ್ಲ, ಕೃತಜ್ಞತೆಯನ್ನು ನಿರೀಕ್ಷಿಸುವ ಹಕ್ಕೂ ಇಲ್ಲ.

ಆಕ್ಷೇಪಗಳು ಇಲ್ಲದಿಲ್ಲ. ಸಂಘದ ಬೆಳೆಯೆಲ್ಲವೂ ಈ ಕರಾರಿನಲ್ಲಿ ಮಾರಾಟವಾಗುವುದಿಲ್ಲ. ಉಳಿದುದು ಪೇಟೆಯ ಧಾರಣೆಗೇ ಹೋಗುತ್ತದೆ. ಸಣ್ಣ ಹಿಡುವಳಿದಾರನ ತೋಟದ ಕೂಲಿಯಾಳಿಗೆ ಇದರ ಫಲ ಮುಟ್ಟುವುದೆಂಬ ಭರವಸೆಯೂ ಇಲ್ಲ. ಮುದ್ರೆಯುಳ್ಳ ಪೊಟ್ಟಣವನ್ನು ಕೊಂಡು ನೆಮ್ಮದಿಯಾಗಿ ನಿದ್ರಿಸುವವನಿಗೆ ಈ ಮಾತುಗಳು ಚುಚ್ಚಲೇಬೇಕು. ಆದರೆ ಅಳತೆ ಕಡಿಮೆಯಾಯಿತೆಂದು ತಕ್ಕಡಿಯನ್ನೇ ಎಸೆಯುವುದು ವಿವೇಕವಲ್ಲ.

ಗಾರ್‌ಸ್ಟಾಂಗಿನವರು ಘೋಷಣೆಗೇ ನಿಲ್ಲಲಿಲ್ಲ. ಘಾನಾ ದೇಶದಲ್ಲಿ ಕೋಕೋ ಬೆಳೆಯುವ ನ್ಯೂ ಕೊಫೊರಿಡುವಾ ಎಂಬ ಊರಿನೊಡನೆ ನಂಟು ಬೆಳೆಸಿದರು. ಇಲ್ಲಿಯವರು ಅಲ್ಲಿಗೆ, ಅಲ್ಲಿಯವರು ಇಲ್ಲಿಗೆ ಹೋಗಿಬಂದರು. ವ್ಯಾಪಾರದ ವೇಳೆಯಲ್ಲಿ ಕಾಣದಿದ್ದ ಬೆಳೆಗಾರನು ಆ ಪಟ್ಟಣದ ಬೀದಿಯಲ್ಲಿ ಎದುರಿಗೇ ಬಂದು ನಿಂತನು.