ಇಂದಿನ ಧಮ್ಮ ಚಿಂತನೆ: ಯಂತ್ರಕ್ಕೆ ಜಾತಿ ಗೊತ್ತಿಲ್ಲವೇ?





ಕಳೆದ ಭಾನುವಾರ ಅರಸೀಕೆರೆಯಲ್ಲಿ ಓದಲು ಕೂತಾಗ ಹಳೇಬೀಡು ಕಡೆಯ ಹುಡುಗನೊಬ್ಬ ಕೇಳಿದ: "ಮೇಷ್ಟ್ರೇ, ಇನ್ಮುಂದೆ ಇಸಿಜಿ, ಎಕ್ಸ್‌ರೇ ಎಲ್ಲಾ ಎಐ ನೋಡುತ್ತಂತೆ. ಒಳ್ಳೇದೇ ಆಯ್ತಲ್ವಾ? ಮಿಷನ್‌ಗೆ ನಮ್ಮ ಕೇರಿ ಯಾವುದು, ಜಾತಿ ಯಾವುದು ಅಂತ ಗೊತ್ತಾಗಲ್ಲ." ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ.

ಅವನ ಆಸೆ ತಪ್ಪಲ್ಲ. 2025ರ ಮೇ-ಜೂನ್ ತಿಂಗಳುಗಳನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ. ನಲವತ್ತು ದಿನಗಳ ಆಸುಪಾಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೃದಯಾಘಾತದ ಸಾವುಗಳು ಎಂಬ ಸುದ್ದಿ ಹಬ್ಬಿ, ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಪರಿಶೀಲಿಸಿ, ಹಿಂದಿನದಕ್ಕೆ ಹೋಲಿಸಿದರೆ ಅಸಹಜ ಏರಿಕೆ ಇಲ್ಲ ಎಂದಿತು. (ವಾಟ್ಸಾಪ್‌ನಲ್ಲಿ ಸುದ್ದಿ ಓಡಿದಷ್ಟು ವೇಗವಾಗಿ ಆ ವರದಿ ಓಡಲಿಲ್ಲ, ಬಿಡಿ.) ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಎದೆನೋವೆಂದು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಎಐ ನೆರವಿನಿಂದ ಕೆಲವೇ ನಿಮಿಷಗಳಲ್ಲಿ ಆಘಾತ ಹೌದೋ ಅಲ್ಲವೋ ತಿಳಿಯುತ್ತಾರೆ. ಹೌದಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಹೊರಗೆ ಅದರ ಬೆಲೆ ಹತ್ತಾರು ಸಾವಿರ. ಎದೆ ಹಿಡಿದುಕೊಂಡು ಬಸ್ಸಿಗೆ ಕಾಯುವ ಬೇಲೂರಿನ ಕೂಲಿಯವರಿಗೆ ಇದು ಜೀವ ಉಳಿಯುವ ಮಾತು. ಇಂಥದ್ದನ್ನು ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಯಂತ್ರಕ್ಕೆ ಜಾತಿ ಗೊತ್ತಿಲ್ಲವೇ? ಅಮೆರಿಕದ ಆಸ್ಪತ್ರೆಗಳಲ್ಲಿ ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕೆಂದು ಆರಿಸಲು ಒಂದು ಕಂಪ್ಯೂಟರ್ ವ್ಯವಸ್ಥೆ ಇತ್ತು. ಅದಕ್ಕೆ ಜನಾಂಗದ ವಿವರವನ್ನೇ ಕೊಟ್ಟಿರಲಿಲ್ಲ. ಕೊಟ್ಟಿದ್ದು ಹಿಂದೆ ಚಿಕಿತ್ಸೆಗೆ ಎಷ್ಟು ಖರ್ಚಾಗಿತ್ತು ಎಂಬ ಲೆಕ್ಕ. ಖರ್ಚು ಹೆಚ್ಚಿದ್ದವರೇ ಹೆಚ್ಚು ಕಾಯಿಲೆಯವರು ಎಂದು ಅದು ತಿಳಿಯಿತು. ಕಪ್ಪು ಜನರಿಗೆ ಚಿಕಿತ್ಸೆಯೇ ಸರಿಯಾಗಿ ಸಿಕ್ಕಿರಲಿಲ್ಲ, ಖರ್ಚು ಎಲ್ಲಿಂದ ಬರಬೇಕು? ಅವರು ಕಡಿಮೆ ಕಾಯಿಲೆಯವರ ಪಟ್ಟಿಗೆ ಬಿದ್ದರು. 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಈ ತಪ್ಪು ತಿದ್ದಿದರೆ ಹೆಚ್ಚಿನ ಆರೈಕೆ ಪಡೆಯುವವರಲ್ಲಿ ಕಪ್ಪು ಜನರ ಪಾಲು ಶೇ. 17.7ರಿಂದ 46.5ಕ್ಕೆ ಏರುತ್ತಿತ್ತು. ಯಾರೂ ಬೇಕೆಂದು ಮಾಡಿದ ಮೋಸವಲ್ಲ ಇದು. ಹಳೆಯ ಅನ್ಯಾಯ ಲೆಕ್ಕದ ಪುಸ್ತಕದಲ್ಲಿ ಕೂತಿತ್ತು, ಯಂತ್ರ ಅದನ್ನು ಓದಿಕೊಂಡಿತು. ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದ ನಮ್ಮ ಅಜ್ಜಿಯರ ಲೆಕ್ಕ ಯಾವ ಪುಸ್ತಕದಲ್ಲಿದೆ?

ಇನ್ನೊಂದು ನನ್ನ ಮನೆಯದೇ. 2021ರ ಎರಡನೇ ಅಲೆಯಲ್ಲಿ ಚಿಕ್ಕಪ್ಪನನ್ನು ಒಂದು ಕಡೆ ತೋರಿಸಲು ಕರೆದೊಯ್ದೆ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರು. "95 ಇದೆ, ಏನಿಲ್ಲ, ಮನೇಲೇ ಇರಿ." ಒಂದು ಮಾತು ಮುಗಿಸಲು ಚಿಕ್ಕಪ್ಪ ಮೂರು ಸಲ ಉಸಿರು ಎಳೆಯುತ್ತಿದ್ದರು. ಮೂರನೇ ದಿನ ಹೋಗಿಬಿಟ್ಟರು. ಆ ಉಪಕರಣ ಬೆರಳಿನೊಳಗೆ ಬೆಳಕು ಹಾಯಿಸಿ ಆಮ್ಲಜನಕ ಅಳೆಯುತ್ತದೆ, ಕಪ್ಪು ಚರ್ಮದಲ್ಲಿ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ ಎಂದು ಆಮೇಲೆ ಓದಿದೆ. 2020ರ ಡಿಸೆಂಬರ್‌ನಲ್ಲೇ ಅಮೆರಿಕದ ವೈದ್ಯರು ಬರೆದಿದ್ದರು: ಅಪಾಯದ ಮಟ್ಟಕ್ಕೆ ಇಳಿದ ಆಮ್ಲಜನಕವನ್ನು ಅದು ಗುರುತಿಸದೆ ಬಿಡುವುದು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು. ಚಿಕ್ಕಪ್ಪನ ಸಾವಿಗೆ ಅದೇ ಕಾರಣ ಎಂದು ನಾನು ಹೇಳಲಾರೆ. ಅವತ್ತು ಎಲ್ಲರೂ ನೋಡಿದ್ದು ಆ ಸಂಖ್ಯೆಯನ್ನು, ಅವರ ಮುಖವನ್ನಲ್ಲ ಎಂದು ಮಾತ್ರ ಹೇಳಬಲ್ಲೆ. ನಾನೂ ಸಂಖ್ಯೆಯನ್ನೇ ನಂಬಿ ಕರೆದುಕೊಂಡು ಬಂದೆ.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಕಾಠಿಯಾವಾಡದ ಒಬ್ಬ ಶಾಲಾ ಮೇಷ್ಟ್ರ ಪತ್ರವಿದೆ, 1929ರದು. ಹೆತ್ತು ಎರಡೇ ದಿನವಾದ ಹೆಂಡತಿಗೆ ಕಾಯಿಲೆ. ವೈದ್ಯ ಕೇರಿಯೊಳಗೆ ಬರಲೊಪ್ಪದೆ, ಬಾಣಂತಿಯನ್ನೇ ಹೊರಗೆ ತರಿಸಿದ. ಥರ್ಮಾಮೀಟರನ್ನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟ, ಅವನು ಗಂಡನಿಗೆ, ಗಂಡ ಹೆಂಡತಿಗೆ. ಅದೇ ದಾರಿಯಲ್ಲಿ ಅದು ಹಿಂದಿರುಗಿತು. ದೀಪದ ಬೆಳಕಲ್ಲಿ ಅದನ್ನು ನೋಡಿ ನ್ಯುಮೋನಿಯಾ ಎಂದ, ಔಷಧಿ ಕಳಿಸಿದ, ಮತ್ತೆ ಬರಲಿಲ್ಲ. ಆಕೆ ತೀರಿಕೊಂಡಳು. ಆ ಥರ್ಮಾಮೀಟರ್‌ಗೂ ಜಾತಿ ಗೊತ್ತಿರಲಿಲ್ಲ ಬಂಧುಗಳೇ. ಮುಟ್ಟದೆಯೇ ಚಿಕಿತ್ಸೆ ಮುಗಿಸಲು ಅದು ಆತನಿಗೆ ಅನುಕೂಲವಾಯಿತು, ಅಷ್ಟೆ.

ವಿನಯ ಪಿಟಕದಲ್ಲಿ ಅತಿಸಾರದಿಂದ ತನ್ನ ಹೊಲಸಿನಲ್ಲೇ ಬಿದ್ದಿದ್ದ ಭಿಕ್ಖುವಿನ ಪ್ರಸಂಗ ಬರುತ್ತದೆ. ಅವನಿಂದ ಯಾರಿಗೂ ಉಪಯೋಗವಿಲ್ಲವೆಂದು ಉಳಿದವರು ನೋಡಿಕೊಂಡಿರಲಿಲ್ಲ. ಭಗವಾನರು ಆನಂದರ ಜೊತೆ ಸೇರಿ ತಾವೇ ಅವನನ್ನು ತೊಳೆದು, ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ, ಆರೈಕೆ ಮಾಡುವವನಿಗೆ ಹೇಸಿಗೆ ಇರಬಾರದು, ಲಾಭದ ಆಸೆ ಇರಬಾರದು ಎಂದು ವಿವರಿಸಿದರು. ಯಂತ್ರಕ್ಕೆ ಹೇಸಿಗೆ ಇಲ್ಲ, ನಿಜ. ಅದಕ್ಕೆ ನೀರು ತರಲೂ ಬಾರದು. ಲಾಭದ ಆಸೆಯಂತೂ ಅದನ್ನು ಮಾರುವವರಿಗೆ ಇದ್ದೇ ಇರುತ್ತದೆ.

ಹಾಗಾಗಿ ಹುಡುಗನಿಗೆ ನನ್ನ ಉತ್ತರ: ಬರಲಿ, ಆದರೆ ಕೇಳಿ ಬರಮಾಡಿಕೊಳ್ಳೋಣ. ಕಾಲಾಮರಿಗೆ ತಥಾಗತರು ಹೇಳಿದ್ದು ಗುರುಗಳ ಮಾತಿಗೆ ಮಾತ್ರವಲ್ಲ, ಪರದೆಯ ಮೇಲಿನ ಸಂಖ್ಯೆಗೂ ಅನ್ವಯಿಸುತ್ತದೆ. ಇದನ್ನು ಯಾರ ಮೈ ಮೇಲೆ ಪರೀಕ್ಷಿಸಿದ್ದೀರಿ, ಬಿಸಿಲಲ್ಲಿ ದುಡಿದ ಹೆಂಗಸರು ಅದರಲ್ಲಿದ್ದರೇ? ಯಂತ್ರ "ಏನಿಲ್ಲ" ಎಂದು, ರೋಗಿ "ನೋವಿದೆ" ಎಂದರೆ ಯಾರ ಮಾತು ನಡೆಯುತ್ತದೆ? ತಪ್ಪಾದರೆ ಹೊಣೆ ಯಾರು? ಇವು ಅಧಿಕಪ್ರಸಂಗದ ಪ್ರಶ್ನೆಗಳಲ್ಲ. ಐಸಿಎಂಆರ್ 2023ರಲ್ಲಿ ಹೊರತಂದ ಎಐ ನೈತಿಕ ಮಾರ್ಗಸೂಚಿಯೂ ಸುರಕ್ಷತೆ, ತಾರತಮ್ಯವಿಲ್ಲದಿರುವುದು, ಹೊಣೆಗಾರಿಕೆ, ರೋಗಿಯ ಒಪ್ಪಿಗೆ ಇವನ್ನೇ ಕೇಳುತ್ತದೆ.

ಬರುವ ಭಾನುವಾರ ಸ್ಟಾಫ್ ನರ್ಸ್ ಆಗಿರುವ ನಮ್ಮ ಅಕ್ಕ ಒಬ್ಬರು ಬರುತ್ತಾರೆ. ಇಸಿಜಿ ಹೇಗೆ ತೆಗೆಯುತ್ತಾರೆ, ಅದನ್ನು ಯಾರು ನೋಡುತ್ತಾರೆ ಎಂದು ಹೇಳಿಕೊಡುತ್ತಾರೆ. ಹಳೇಬೀಡಿನ ಹುಡುಗ ತಪ್ಪದೆ ಬರಬೇಕು, ಅವ್ವನನ್ನೂ ಕರೆದುಕೊಂಡು.

ಭವತು ಸಬ್ಬ ಮಂಗಲಂ. ಜೈ ಭೀಮ್.